ಅಪ್‌ಡೇಟ್: ಜೀವೋ ಅಥವಾ ಕುಬೋಟಾ, ಕೊನೆಗೂ ತೀರ್ಮಾನವಾಯಿತು

ಬ್ರಹ್ಮಾವರದ ಸಮೀಪವಿರುವ ನಮ್ಮ ಎರಡೂವರೆ ಎಕರೆ ಅಡಿಕೆ ತೋಟ ಮತ್ತು ಒಂದು ಎಕರೆ ಬೈಲುಗದ್ದೆಗೆ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಮಹೀಂದ್ರ ಜೀವೋ 245 ಸೂಕ್ತವೋ, ಕುಬೋಟಾ ನಿಯೋಸ್ಟಾರ್ ಬಿ 2441 ಸೂಕ್ತವೋ ಎಂದು ಮಳೆಗಾಲಕ್ಕೆ ಮುನ್ನ ಕೇಳಿದ್ದೆ. ಎರಡನ್ನೂ ತೋಟದೊಳಗೆ ಓಡಿಸಿ ನೋಡಬೇಕೆಂದು ಹಲವರು ನೀಡಿದ ಸಲಹೆಯನ್ನೇ ಪಾಲಿಸಿದೆ.

ಎರಡೂ 24 ಅಶ್ವಶಕ್ತಿಯವು, ಎರಡರಲ್ಲೂ ನಾಲ್ಕು ಚಕ್ರಗಳಿಗೆ ಚಾಲನೆಯಿದೆ; ಆದ್ದರಿಂದ ಕಾಗದದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಒಂಬತ್ತು ಅಡಿ ಅಂತರದ ಮರಗಳ ನಡುವೆ, ಬಿದ್ದ ಸೋಗೆ ಮತ್ತು ಹನಿ ನೀರಾವರಿಯ ಪೈಪುಗಳನ್ನು ತಪ್ಪಿಸಿಕೊಂಡು ಸಾಲಿನ ತುದಿಯಲ್ಲಿ ತಿರುಗಿಸುವಾಗ ಎರಡೂ ಸಲೀಸಾಗಿಯೇ ಹೊರಬಂದವು. ಎರಡು ಸಿಲಿಂಡರಿನ ಜೀವೋ ನಿಧಾನಗತಿಯಲ್ಲಿ ಚೆನ್ನಾಗಿ ಎಳೆಯಿತಾದರೂ, ಮೂರು ಸಿಲಿಂಡರಿನ ಕುಬೋಟಾದ ಸ್ಟಿಯರಿಂಗ್‌ನಲ್ಲಿ ನಡುಕ ಕಡಿಮೆಯೆನಿಸಿತು. ಬೆನ್ನುನೋವಿರುವ ನನ್ನಂಥವನಿಗೆ ಅದು ಸಣ್ಣ ಸಂಗತಿಯಲ್ಲ.

ಹೀಗಾಗಿ ಬೆಲೆ ಹೆಚ್ಚಾದರೂ ಕುಬೋಟಾವನ್ನೇ ಕೊಂಡೆ. ಕರೆದ ಮರುದಿನವೇ ಮನೆಗೆ ಬರುವ ಮೆಕ್ಯಾನಿಕ್ ಇದ್ದುದೂ ಒಂದು ಕಾರಣ. ನಮ್ಮ ಊರಿನಲ್ಲಿ ಆ ಮೆಕ್ಯಾನಿಕ್ ಜೀವೋದವರಾಗಿದ್ದರೆ ಬಹುಶಃ ನನ್ನ ಆಯ್ಕೆಯೂ ಬದಲಾಗುತ್ತಿತ್ತು.

ಏಣೆಲು ಬೆಳೆಗೆ (ಮಳೆಗಾಲದ ಭತ್ತಕ್ಕೆ) ಗದ್ದೆ ಕೆಸರು ಮಾಡುವಾಗ ಮೊದಲ ದಿನ ಕೇಜ್ ವೀಲ್ (ಕೆಸರಿನಲ್ಲಿ ಹೂಳದಂತೆ ಜೋಡಿಸುವ ಕಬ್ಬಿಣದ ಪಟ್ಟಿಗಳ ಚಕ್ರ) ಹಾಕದೆ ಇಳಿದದ್ದು ನನ್ನದೇ ತಪ್ಪು: ಹಿಂದಿನ ಚಕ್ರ ಅರ್ಧ ಹೂತುಹೋಯಿತು. ಕೇಜ್ ವೀಲ್ ಜೋಡಿಸಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ. ಅಪ್ಪ ಮಾತ್ರ ಹಳೆಯ ಟಿಲ್ಲರನ್ನು ಮಾರಲು ಇನ್ನೂ ಒಪ್ಪಿಲ್ಲ.