ಅಳಿಯಾ, ರಾತ್ರಿ ಊಟ ಬಿಡಬೇಡ

ಅಳಿಯಾ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೆ ಮನೆಯವರ ಗ್ರೂಪಿನಲ್ಲೇ ಮಾತಾಡಿ ಕಳಿಸುತ್ತಿದ್ದೇನೆ. ಹಿಂದೆ ಮಿಲ್ಲಿನ ಸದ್ದಿದೆ, ಸ್ವಲ್ಪ ಸಹಿಸಿಕೋ. 92 ಕೆಜಿ ಇದ್ದವನು 84ಕ್ಕೆ ಬಂದೆ, ಆಮೇಲೆ ಐದು ವಾರದಿಂದ ಮುಳ್ಳು ಅಲ್ಲಾಡುತ್ತಿಲ್ಲ, ದಿನಾ ಜಿಮ್ಮಿಗೆ ಹೋಗುತ್ತೇನೆ, ಇನ್ನು ರಾತ್ರಿ ಊಟ ಪೂರ್ತಿ ಬಿಡಲಾ ಮಾವಾ ಅಂತ ಕೇಳಿದ್ದೀಯ. ಬಿಡಬೇಡ. ನಾನು ಬಿಟ್ಟು ನೋಡಿದ್ದೇನೆ.

ಹೋದ ವರ್ಷ ನಾನು 88ರಿಂದ 80ಕ್ಕೆ ಇಳಿದು ಅಲ್ಲೇ ನಿಂತೆ. ಸಿಟ್ಟು ಬಂದು ರಾತ್ರಿ ಊಟ ಬಿಟ್ಟೆ. ಮೂರು ದಿನ ಬಹಳ ಶೂರನಂತೆ ಇದ್ದೆ. ನಾಲ್ಕನೇ ಸಂಜೆ ಮಿಲ್ಲಿಂದ ಹೊರಗೆ ಬಂದರೆ ಗಾಡಿಯಲ್ಲಿ ಬಿಸಿ ಬಿಸಿ ಮಿರ್ಚಿ. ಒಂದು ತಿಂದು ಹೋಗೋಣ ಅಂತ ನಿಂತವನು ಆರು ತಿಂದೆ. ಜೊತೆಗೆ ಒಂದು ಪ್ಲೇಟ್ ಮಂಡಾಳು ಒಗ್ಗರಣೆ. ಮನೆಗೆ ಬಂದು ನಿಮ್ಮತ್ತೆಗೆ ‘ನನಗೆ ಊಟ ಬೇಡ, ಡಯಟ್’ ಅಂದೆ. ಅವಳು ನನ್ನ ಮೀಸೆಗೆ ಅಂಟಿದ್ದ ಮಂಡಾಳು ನೋಡಿದಳು, ಏನೂ ಅನ್ನಲಿಲ್ಲ.

ಮೊದಲು ಯಾಕೆ ನಿಂತಿತು ಅಂತ ತಿಳಿದುಕೋ. ಶುರುವಿನಲ್ಲಿ ಸರಸರ ಇಳಿದದ್ದರಲ್ಲಿ ನೀರು ಬಹಳ ಇರುತ್ತದೆ. ಅದು ಎಲ್ಲರಿಗೂ ಹಾಗೇ. ಎರಡನೆಯದು, ಎಂಟು ಕೆಜಿ ಹಗುರಾದ ಮೈಗೆ ಮೊದಲಿನಷ್ಟು ಖರ್ಚು ಇರುವುದಿಲ್ಲ. 92 ಕೆಜಿ ಹೊತ್ತು ನಡೆಯುವುದೂ 84 ಹೊತ್ತು ನಡೆಯುವುದೂ ಒಂದೇನಾ? ಮೇಲಾಗಿ ಕಡಿಮೆ ತಿಂದಾಗ ಮೈ ಗೊತ್ತಿಲ್ಲದಂತೆ ಜಿಪುಣ ಆಗುತ್ತದೆ. ನಾನು ಬೆಳಿಗ್ಗೆ ಒಂದು ತಾಸು ನಡೆದು ಬಂದು, ದಿನವಿಡೀ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಹತ್ತು ಹೆಜ್ಜೆಯ ಚಹಾ ಅಂಗಡಿಗೂ ಬೈಕ್.

ಆದರೆ ನಿಜವಾದ ಕಳ್ಳನನ್ನು ಹಿಡಿದವಳು ನಿಮ್ಮತ್ತೆ. ‘ಎರಡೇ ರೊಟ್ಟಿ ತಿನ್ನುತ್ತೇನೆ’ ಅಂತ ನಾನು ಜಂಬ ಕೊಚ್ಚುತ್ತಿದ್ದೆ. ರೊಟ್ಟಿ ಎರಡೇ, ಸುಳ್ಳಲ್ಲ. ಅದರ ಜೊತೆ ಶೇಂಗಾ ಪುಡಿ? ಒಂದು ಚಮಚ ಇದ್ದದ್ದು ಮೂರಾಗಿತ್ತು, ಮೇಲೆ ಹಸಿ ಎಣ್ಣೆಯ ಗುಂಡಿ. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಇರುತ್ತದೆ, ಅದಕ್ಕೆ ಮತ್ತೆ ಎಣ್ಣೆ ಹಾಕಿಕೊಂಡು ಕಲಸುತ್ತೇವೆ ನಾವು! ಅವಳು ಎಣ್ಣೆ ಪಾಕೀಟು ಒಡೆದ ದಿನ ಅದರ ಮೇಲೆ ತಾರೀಖು ಬರೆದಳು. ಒಂದು ಲೀಟರು ನಮ್ಮಿಬ್ಬರಿಗೆ ಒಂಬತ್ತೇ ದಿನ ಬಂತು. ಅಂದರೆ ಒಬ್ಬರಿಗೆ ದಿನಕ್ಕೆ ಸುಮಾರು 50 ಗ್ರಾಂ. ಗ್ರಾಮಿಗೆ 9 ಕ್ಯಾಲೊರಿ, ಲೆಕ್ಕ ಹಾಕು, 450. ನಾನು ಒಂದು ತಾಸು ನಡೆದರೂ ಅಷ್ಟು ಖರ್ಚಾಗುವುದಿಲ್ಲ.

ಅಕ್ಕಾ, ನೀನೂ ಕೇಳುತ್ತಿದ್ದೀಯ ಅಂತ ಗೊತ್ತು. ಬೇಜಾರಾಗಬೇಡ, ನಿನ್ನದು ನಮ್ಮವ್ವನ ಕೈ, ಪಲ್ಯದ ಮೇಲೆ ಎಣ್ಣೆ ತೇಲದಿದ್ದರೆ ಸಮಾಧಾನ ಇಲ್ಲ.

ಈಗ ನಮ್ಮ ಪಾಕೀಟು ಹದಿನೈದು ದಿನ ಬರುತ್ತದೆ. ರೊಟ್ಟಿ ಎರಡೇ ಇದೆ, ಪುಡಿ ಒಂದು ಚಮಚ, ಎಣ್ಣೆಯ ಬದಲು ಮೊಸರು. ರಾತ್ರಿ ಎಂಟರೊಳಗೆ ಊಟ, ಅದರಲ್ಲಿ ಮೊಳಕೆ ಹೆಸರುಕಾಳೋ ಎರಡು ಮೊಟ್ಟೆಯೋ ಇರಲೇಬೇಕು. ಹೊಟ್ಟೆ ತುಂಬಿದರೆ ಮಿರ್ಚಿ ಗಾಡಿ ಕರೆಯುವುದು ಕಡಿಮೆ. ಪೂರ್ತಿ ನಿಂತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೀಗೆ ಮಾಡಿದ ಮೇಲೂ ಮೂರು ವಾರ ಕಾದೆ, ಆಮೇಲೆ ಮುಳ್ಳು ಅಲ್ಲಾಡಿತು.

ಮುಳ್ಳನ್ನು ಜಾಸ್ತಿ ನಂಬಬೇಡ. ಉಪ್ಪಿನಕಾಯಿ ತಿಂದ ಮರುದಿನ ನೀರು ನಿಂತು ತೂಕ ಏರುತ್ತದೆ. ಜಿಮ್ಮಿನಲ್ಲಿ ಹೊಸದಾಗಿ ಭಾರ ಎತ್ತಿದಾಗಲೂ ಮೈ ನೀರು ಹಿಡಿಯುತ್ತದೆ. ಬೆಳಿಗ್ಗೆ ಎದ್ದು ಹೊಟ್ಟೆ ಖಾಲಿ ಇದ್ದಾಗ ನೋಡಿ, ಏಳು ದಿನದ ಸರಾಸರಿ ತೆಗಿ. ಸೊಂಟಕ್ಕೆ ಟೇಪ್ ಹಿಡಿ. ನನಗಂತೂ ಅಂಜನಾದ್ರಿ ಬೆಟ್ಟವೇ ತಕ್ಕಡಿ. 575 ಮೆಟ್ಟಿಲು. 88 ಇದ್ದಾಗ ನಾಲ್ಕು ಕಡೆ ಕೂತಿದ್ದೆ, ಒಂದು ಕಡೆ ಕೋತಿ ಬಂದು ಪಕ್ಕದಲ್ಲೇ ಕೂತಿತ್ತು, ಕರುಣೆಯಿಂದ ಅಂತ ಕಾಣುತ್ತದೆ. ತೂಕ 80ಕ್ಕೆ ನಿಂತು ನಾನು ಅಳುತ್ತಿದ್ದ ಅದೇ ತಿಂಗಳಲ್ಲಿ ಹತ್ತಿದಾಗ ಒಂದೇ ಕಡೆ ನಿಂತೆ. ಒಳಗೆ ಏನೋ ನಡೆದೇ ಇತ್ತು ಅಲ್ವಾ?

ಇನ್ನು ಜಿಮ್ಮಿನವರು ಕೊಬ್ಬು ಕರಗಿಸುವ ಮಾತ್ರೆ ಡಬ್ಬಿ ಕೊಟ್ಟಿದ್ದಾರೆ ಅಂದೆಯಲ್ಲ, ಅದನ್ನು ಸುಮ್ನೆ ವಾಪಸ್ ಕೊಡು. ಎರಡು ತಿಂಗಳು ಹೀಗೆ ಲೆಕ್ಕ ಇಟ್ಟೂ ಅಲ್ಲಾಡದಿದ್ದರೆ, ಸುಸ್ತು ಬೇರೆ ಇದ್ದರೆ, ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್ ಪರೀಕ್ಷೆ ಮಾಡಿಸು. ಅಕ್ಕಾ, ನೀನು ಶುಗರ್ ಮಾತ್ರೆ ತೆಗೆದುಕೊಳ್ಳುತ್ತೀಯ, ಇವನನ್ನು ನೋಡಿ ನೀನು ಊಟ ಕಡಿಮೆ ಮಾಡಬೇಡ. ಡಾಕ್ಟರನ್ನು ಕೇಳದೆ ಒಂದು ತುತ್ತೂ ಬಿಡಬೇಡ.

ಸರಿ, ಲಾರಿ ಬಂತು, ಭತ್ತ ಇಳಿಸಿಕೊಳ್ಳಬೇಕು. ಅಳಿಯಾ, ಇವತ್ತು ಎಣ್ಣೆ ಪಾಕೀಟಿನ ಮೇಲೆ ತಾರೀಖು ಬರೆದು ಇಲ್ಲಿ ಫೋಟೋ ಹಾಕು. ಹೊಸ ಪಾಕೀಟು ಒಡೆದು ಹಾಕು, ಅರ್ಧ ಖಾಲಿಯಾದದ್ದಕ್ಕೆ ಬರೆದು ನನಗೆ ಟೋಪಿ ಹಾಕಬೇಡ.