ಜೇಡಿಮಣ್ಣಿನಲ್ಲಿ ಕ್ಯಾರೆಟ್ ಬೆಳೆಯಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎರಡು ಸಲ ಬೀಜ ಹಾಕಿದೆ, ಎರಡು ಸಲವೂ ಕ್ಯಾರೆಟ್ ಕೈಕೊಟ್ಟಿದೆ. ತುಂಬಾ ಬೇಜಾರಾಗಿದೆ.

ನಮ್ಮದು ಅಂಟು ಜೇಡಿಮಣ್ಣು. ಒದ್ದೆಯಾದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲಿನಂತೆ ಬಿರಿಯುತ್ತದೆ. ಅದೇ ಮಣ್ಣಿನಲ್ಲಿ ಮೂಲಂಗಿ ಐದೇ ದಿನಕ್ಕೆ ಮೊಳೆಯಿತು. ಕ್ಯಾರೆಟ್‌ಗೆ ಎರಡು ವಾರ ಬೇಕು, ಅಷ್ಟರಲ್ಲಿ ಮೇಲಿನ ಮಣ್ಣು ಹೆಪ್ಪುಗಟ್ಟಿರುತ್ತದೆ. ಆ ಸಣ್ಣ ಮೊಳಕೆ ಅದನ್ನು ಸೀಳಿಕೊಂಡು ಬರುವುದಾದರೂ ಹೇಗೆ, ಅಲ್ವಾ? ಬೀಜವನ್ನು ಅರ್ಧ ಸೆಂಟಿಮೀಟರ್ ಆಳದಲ್ಲಷ್ಟೇ ಹಾಕಿದ್ದೆ.

ಬದುಕಿದ ನಾಲ್ಕಾರು ಗಿಡ ಕಿತ್ತು ನೋಡಿದರೆ ಗಡ್ಡೆಗೆ ಎರಡು ಮೂರು ಕವಲು. ಮೊದಲ ಸಲ ಹಸಿ ಸಗಣಿ ಗೊಬ್ಬರ ಹಾಕಿದ್ದು ನನ್ನದೇ ತಪ್ಪು, ಅದರಿಂದಲೂ ಬೇರು ಕವಲೊಡೆಯುತ್ತದೆ. ಎರಡನೇ ಸಲ ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿದೆ. ಆದರೂ ಅರ್ಧ ಅಡಿ ಕೆಳಗಿನ ಗಟ್ಟಿ ಪದರ ತಾಕಿದಲ್ಲಿ ಬೇರು ಸೊಟ್ಟಗಾಗಿದೆ.

ಈ ಸಲ ಒಂದು ಅಡಿ ಎತ್ತರದ ಮಡಿ ಮಾಡಬೇಕು ಅಂದುಕೊಂಡಿದ್ದೇನೆ. ಸಾಲಿನ ಮೇಲೆ ಮಣ್ಣಿನ ಬದಲು ಜರಡಿ ಹಿಡಿದ ಕಾಂಪೋಸ್ಟ್ ಉದುರಿಸಿ, ಮೊಳಕೆ ಬರುವವರೆಗೆ ಒದ್ದೆ ಗೋಣಿ ಮುಚ್ಚುವ ಯೋಚನೆಯಿದೆ. ಗೋಣಿ ತೆಗೆಯಲು ಸರಿಯಾದ ಹೊತ್ತು ಯಾವುದು? ಜೇಡಿಗೆ ಸ್ವಲ್ಪ ಮರಳು ಸೇರಿಸಿದರೆ ಇನ್ನೂ ಗಟ್ಟಿಯಾಗುತ್ತದೆ ಅನ್ನುತ್ತಾರೆ. ನಿಮಗೆ ಹಾಗಾಗಿದೆಯಾ? ಉದ್ದ ತಳಿ ಬಿಟ್ಟು ಗುಂಡಗಿನ, ಗಿಡ್ಡ ತಳಿ ಹಾಕಿದವರು ಇದ್ದರೆ ದಯವಿಟ್ಟು ತಿಳಿಸಿ. ಸಸಿ ಮಾಡಿ ನಾಟಿ ಮಾಡುವುದು ಬೇಡ, ತಾಯಿಬೇರಿಗೆ ಪೆಟ್ಟಾಗುತ್ತದೆ.