‘ಐಸೊಲೇಟ್’ ಅನ್ನಲು ‘ಬೇರ್ಪಡಿಸು’ ಸರಿಯೇ? (ಸರ್ವರ್ ಲಾಗ್ ಸಂದರ್ಭ)

ಗೆಳೆಯರೇ,

ರಾಯಚೂರಿನ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಟಾಮ್‌ಕ್ಯಾಟ್ ಸರ್ವರ್ (ಜಾವಾದಲ್ಲಿ ಬರೆದ ವೆಬ್ ಆ್ಯಪ್‌ಗಳನ್ನು ಓಡಿಸುವ ತಂತ್ರಾಂಶ) ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದೇ ಸರ್ವರ್‌ನಲ್ಲಿರುವ ಆ್ಯಪ್‌ಗಳ ಲಾಗಿಂಗ್ (ನಡೆದದ್ದನ್ನು ಸಾಲು ಸಾಲಾಗಿ ಫೈಲಿಗೆ ಬರೆದಿಡುವುದು) ಸೆಟ್ಟಿಂಗನ್ನು ‘ಐಸೊಲೇಟ್’ ಮಾಡುವುದು, ಅಂದರೆ ಒಂದರದ್ದು ಇನ್ನೊಂದಕ್ಕೆ ತಾಗದಂತೆ ಮಾಡುವುದು, ಅನ್ನುವ ಕಡೆ ಬಂದು ನಿಂತಿದ್ದೇನೆ. ನಿಘಂಟಿನಲ್ಲಿ ‘ಬೇರ್ಪಡಿಸು’, ‘ಪ್ರತ್ಯೇಕಿಸು’ ಇವೆ. ಎರಡೂ ಇಲ್ಲಿ ಹೊಂದುವುದಿಲ್ಲ ಅಂತ ನನಗೆ ಅನ್ನಿಸುತ್ತಿದೆ.

ಗ್ರಂಥಾಲಯದ ಆ್ಯಪ್, ಫೀಸಿನ ಆ್ಯಪ್ ಎರಡೂ ಒಂದೇ ಟಾಮ್‌ಕ್ಯಾಟ್‌ನಲ್ಲಿ ಓಡುತ್ತಿವೆ ಅಂದುಕೊಳ್ಳಿ. ಎರಡಕ್ಕೂ ಜೆವಿಎಂ (ಜಾವಾ ಕೋಡನ್ನು ಓಡಿಸುವ ಪ್ರೋಗ್ರಾಂ) ಒಂದೇ. ಜಾವಾ ಜೊತೆಗೇ ಬರುವ ಲಾಗಿಂಗ್ ವ್ಯವಸ್ಥೆಗೆ ಇಡೀ ಜೆವಿಎಂಗೆ ಸೇರಿ ಒಂದೇ ಸೆಟ್ಟಿಂಗ್. ಫೀಸಿನ ಆ್ಯಪ್‌ನಲ್ಲಿ ತಪ್ಪು ಹುಡುಕಲು ಯಾರೋ ರೂಟ್ ಲಾಗರ್‌ನ (ಎಲ್ಲ ಲಾಗರ್‌ಗಳಿಗೂ ಮೂಲವಾದದ್ದು) ಮಟ್ಟವನ್ನು ಹೆಚ್ಚು ವಿವರ ಬರುವಂತೆ ಬದಲಿಸಿದರೆ ಗ್ರಂಥಾಲಯದ ಆ್ಯಪ್‌ನ ಸಾಲುಗಳೂ ಸುಮ್ನೆ ಜಾಸ್ತಿಯಾಗುತ್ತವೆ. ಲಾಗ್‌ಫೋರ್‌ಜೆ ಅನ್ನುವ ಬೇರೊಂದು ಲಾಗಿಂಗ್ ಲೈಬ್ರರಿಯ ಹಳೆಯ 1ನೇ ಆವೃತ್ತಿಯ ಜಾರ್ ಫೈಲನ್ನು (ಜಾವಾ ಕೋಡಿನ ಕಟ್ಟು) ಎಲ್ಲ ಆ್ಯಪ್‌ಗಳಿಗೂ ಸೇರಿದ ಲಿಬ್ ಫೋಲ್ಡರಿಗೆ ಹಾಕಿದರೂ ಇದೇ ಪಾಡು.

ಇದಕ್ಕಾಗಿಯೇ ಟಾಮ್‌ಕ್ಯಾಟ್‌ನಲ್ಲಿ ‘ಜೂಲಿ’ ಅನ್ನುವ ಭಾಗ ಇದೆ. ಅದು ಪ್ರತಿ ಆ್ಯಪ್‌ನ ಕ್ಲಾಸ್‌ಲೋಡರ್‌ಗೂ (ಆ ಆ್ಯಪ್‌ನ ಕೋಡನ್ನು ಮೆಮೊರಿಗೆ ತರುವ ಭಾಗ) ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತದೆ. ಆ್ಯಪ್‌ನ ವೆಬ್-ಇನ್ಫ್ ಫೋಲ್ಡರಿನ ಒಳಗಿನ ಕ್ಲಾಸಸ್ ಫೋಲ್ಡರಿನಲ್ಲಿ ಲಾಗಿಂಗ್ ಡಾಟ್ ಪ್ರಾಪರ್ಟೀಸ್ ಫೈಲ್ ಇಟ್ಟರೆ ಅದು ಆ ಆ್ಯಪ್‌ಗೆ ಮಾತ್ರ. ಲಾಗ್‌ಫೋರ್‌ಜೆ ಬಳಸುವವರು ಜಾರ್ ಅನ್ನು ಆಯಾ ಆ್ಯಪ್‌ನ ಲಿಬ್‌ನಲ್ಲೇ ಇಡಬೇಕು. ಇಷ್ಟು ಮಾಡಿದರೂ ಕೋಡ್‌ನಲ್ಲಿ ಸಿಸ್ಟಂ ಔಟ್‌ಗೆ (ಲಾಗರ್ ಬಳಸದೆ ನೇರವಾಗಿ ಔಟ್‌ಪುಟ್ ಬರೆಯುವ ಜಾವಾದ ದಾರಿ) ಬರೆದದ್ದೆಲ್ಲ ಸಾಮಾನ್ಯವಾಗಿ ಕ್ಯಾಟಲಿನಾ ಔಟ್ ಅನ್ನುವ ಒಂದೇ ಫೈಲಿಗೆ ಹೋಗುತ್ತದೆ. ಅದನ್ನು ತಡೆಯಲು ಕಾಂಟೆಕ್ಸ್ಟ್‌ನಲ್ಲಿ (ಒಂದು ಆ್ಯಪ್ ಬಗ್ಗೆ ಟಾಮ್‌ಕ್ಯಾಟ್‌ಗೆ ತಿಳಿಸುವ ಸೆಟ್ಟಿಂಗ್) ಸ್ವಾಲೋಔಟ್‌ಪುಟ್ ಅನ್ನುವುದನ್ನು ಟ್ರೂ ಮಾಡಬೇಕು. ವಿದ್ಯಾರ್ಥಿಗಳು ಜಾಸ್ತಿ ಗೊಂದಲಕ್ಕೆ ಬೀಳುವುದು ಇಲ್ಲೇ.

ಈಗ ಪದಕ್ಕೆ ಬರೋಣ. ‘ಬೇರ್ಪಡಿಸು’ ಅಂದರೆ ಮೊದಲು ಕೂಡಿದ್ದನ್ನು ಆಮೇಲೆ ಬಿಡಿಸುವುದು. ಕಾಳು, ಹೊಟ್ಟು ಬೇರ್ಪಡಿಸುತ್ತೇವೆ. ಒಂದೇ ಫೈಲಿನಲ್ಲಿ ಬೆರೆತ ಸಾಲುಗಳನ್ನು ಗ್ರೆಪ್ (ಸಾಲು ಹುಡುಕುವ ಕಮಾಂಡ್) ಹಾಕಿ ಆರಿಸಿದರೆ ಆ ಕೆಲಸಕ್ಕೆ ಈ ಪದ ಸರಿ. ಇಲ್ಲಿ ಬೆರೆಯಲು ಬಿಡುವುದೇ ಇಲ್ಲ. ‘ಪ್ರತ್ಯೇಕಿಸು’ ಅಂದಾಗ ಒಂದನ್ನು ಉಳಿದವುಗಳಿಂದ ದೂರ ಸರಿಸಿದಂತೆ ಕೇಳಿಸುತ್ತದೆ. ಆದರೆ ಈ ಆ್ಯಪ್‌ಗಳು ಇರುವುದು ಒಂದೇ ಸರ್ವರ್‌ನಲ್ಲಿ, ಅಲ್ವಾ?

ನಮ್ಮ ಕಡೆ ಅಣ್ಣತಮ್ಮಂದಿರು ‘ಬ್ಯಾರೆ ಆದ್ರು’ ಅನ್ನುತ್ತಾರೆ. ಮನೆ ಒಂದೇ ಇರಬಹುದು. ಒಲೆ ಬೇರೆ, ಲೆಕ್ಕ ಬೇರೆ, ತೀರ್ಮಾನ ಅವರವರದು. ನನಗೆ ಬೇಕಾದ ಅರ್ಥ ಇದೇ. ಹಾಗಾಗಿ ‘ಪ್ರತಿ ಆ್ಯಪ್‌ನ ಲಾಗ್ ಸೆಟ್ಟಿಂಗ್ ಬೇರೆ ಇಡುವುದು’ ಅಂತ ಬರೆಯಬೇಕು ಅಂದುಕೊಂಡಿದ್ದೇನೆ. ಸೆಟ್ಟಿಂಗ್‌ಗೆ ‘ಹೊಂದಾಣಿಕೆ’ ಬೇಡ. ಅದು ಒಬ್ಬರಿಗೊಬ್ಬರು ಒಗ್ಗಿಕೊಳ್ಳುವ ಮಾತು, ಇಲ್ಲಿ ಹೇಳುವುದಕ್ಕೆ ನೇರ ಎದುರು. ‘ಸಂರಚನೆ’ ಓದಿ ವಿದ್ಯಾರ್ಥಿಗಳು ತಡವರಿಸುತ್ತಾರೆ. ಸೆಟ್ಟಿಂಗ್ ಫೋನಿನಿಂದಲೇ ಎಲ್ಲರಿಗೂ ಗೊತ್ತು.

‘ಲಾಗ್’ ಬಗ್ಗೆಯೂ ಒಂದು ಮಾತು. ‘ದಾಖಲೆ’ ಅನ್ನುವ ರೂಢಿ ಇದೆ. ಆದರೆ ದಾಖಲೆ ಅಂದರೆ ಪುರಾವೆ, ಜೋಪಾನವಾಗಿ ಇಡುವಂಥದ್ದು. ಲಾಗ್ ಫೈಲನ್ನು ಕೆಲವು ದಿನಕ್ಕೆ ಅಳಿಸುತ್ತೇವೆ. ಅಡತಿ ಅಂಗಡಿಗಳ ಲೆಕ್ಕದಲ್ಲಿ ‘ಕಿರ್ದಿ’ ಅನ್ನುವ ಪದ ಇದೆ. ವ್ಯವಹಾರ ನಡೆದ ಹಾಗೆ, ತಾರೀಖಿನ ಕ್ರಮದಲ್ಲಿ ಬರೆದುಕೊಂಡು ಹೋಗುವ ಪುಸ್ತಕ ಅದು. ಖಾತೆವಾರು ವಿಂಗಡಣೆ ಆಮೇಲಿನ ಕೆಲಸ. ಲಾಗ್‌ಗೆ ಇದಕ್ಕಿಂತ ಹತ್ತಿರದ ಕನ್ನಡ ಪದ ನನಗೆ ಸಿಕ್ಕಿಲ್ಲ. ಆದರೂ ಟಿಪ್ಪಣಿಯಲ್ಲಿ ‘ಲಾಗ್’ ಅಂತಲೇ ಇಟ್ಟು, ಮೊದಲ ಸಲ ಬಂದಾಗ ಮಾತ್ರ ಕಿರ್ದಿಯ ಹೆಸರು ಹೇಳುವ ಯೋಚನೆ ಇದೆ. ಸರ್ವರ್‌ನಲ್ಲಿ ಅವರಿಗೆ ಕಾಣುವ ಫೋಲ್ಡರಿನ ಹೆಸರೇ ಲಾಗ್ಸ್.

‘ಬೇರೆ ಇಡು’ ಅನ್ನುವುದು ಪಠ್ಯದ ಬರಹಕ್ಕೆ ತೀರಾ ಸಡಿಲವಾಯಿತೇ? ಬಳ್ಳಾರಿ, ಕೊಪ್ಪಳದ ಕಡೆ ಕಿರ್ದಿ ಅನ್ನುವುದು ಈಗಿನ ಹುಡುಗರ ಬಾಯಲ್ಲೂ ಇದೆಯೇ? ಇವೆರಡಕ್ಕೆ ಉತ್ತರ ಸಿಕ್ಕರೆ ಟಿಪ್ಪಣಿಯನ್ನು ಅಚ್ಚಿಗೆ ಕೊಡುವ ಮೊದಲೇ ತಿದ್ದಿಕೊಳ್ಳುತ್ತೇನೆ.